ಸುಟ್ಟುಹೋದ ಸುರುಳಿಗಳು: ಸೇನ್ ಸಹೋದರರ ಕಥೆ



ಕಳೆದ ದೀಪಾವಳಿ ಮುಗಿದ ವಾರ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ತರಗತಿಯವರಿಗೆ ಊಹಿಸುವುದು ಕಷ್ಟವಾಗಲಾರದು; ಊಹಿಸಿದವರು ದಯವಿಟ್ಟು ಮನಸ್ಸಿನಲ್ಲಿಯೇ ಇಟ್ಟುಕೊಳ್ಳಬೇಕು. ಒಂದೇ ಬೆಂಚಿನಲ್ಲಿ ಕುಳಿತು ಹತ್ತನೆಯ ತರಗತಿ ಮುಗಿಸಿದ ಈ ಇಬ್ಬರೂ ಹನ್ನೆರಡು ವರ್ಷಗಳಿಂದ ಪಾಲುದಾರರಾಗಿ ವಿಡಿಯೋ ಕೆಲಸ ಮಾಡಿಕೊಂಡು ಬಂದಿದ್ದಾರೆ. ಮದುವೆ, ಗೃಹಪ್ರವೇಶ, ಒಡವೆ ಅಂಗಡಿಯ ಜಾಹೀರಾತು, ಸಹಕಾರ ಸಂಘದ ವಾರ್ಷಿಕ ಸಭೆ, ಇವೆಲ್ಲ ಅವರ ಹೊಟ್ಟೆಪಾಡಿನ ಕೆಲಸ. ಅದರಲ್ಲಿ ಉಳಿದ ಹಣದಿಂದ ವರ್ಷಕ್ಕೊಂದು ಕಿರುಚಿತ್ರ, ಅದು ಮನಸ್ಸಿನ ಕೆಲಸ.

ಅಂದು ಅವರು ಬಂದದ್ದು ಬೇರೆಯಾಗುವುದಕ್ಕೆ. ಕ್ಯಾಮರಾ ಒಬ್ಬನಿಗೆ, ದೀಪ ಮತ್ತು ಡ್ರೋನ್ ಇನ್ನೊಬ್ಬನಿಗೆ ಎಂದು ಹಾಳೆಯ ಮೇಲೆ ಪಟ್ಟಿಯಾಗಿತ್ತು. ಹಂಚಿಕೆಯಾಗದೆ ಉಳಿದಿದ್ದದ್ದು ಒಂದು ಹಾರ್ಡ್ ಡಿಸ್ಕ್. ಹನ್ನೆರಡು ವರ್ಷಗಳಲ್ಲಿ ಇಬ್ಬರೂ ಸೇರಿ ಚಿತ್ರೀಕರಿಸಿದ್ದೆಲ್ಲವೂ ಅದರಲ್ಲಿತ್ತು.

"ನೀವೇ ಹೇಳಿ ಸಾರ್, ಡಿಸ್ಕು ಯಾರ ಹತ್ರ ಇರ್ಬೇಕು?" ಎಂದು ಒಬ್ಬ ಕೇಳಿದ. ಇನ್ನೊಬ್ಬ ಕಿಟಕಿಯ ಕಡೆಗೆ ನೋಡುತ್ತಿದ್ದ.

ನನಗೆ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯದಾಗ ಮೇಷ್ಟ್ರುಗಳು ಮಾಡುವುದನ್ನೇ ನಾನೂ ಮಾಡಿದೆ; ಪಾಠ ಶುರುಮಾಡಿದೆ. ನನ್ನ ಮನೆಯಾಕೆ ಕಾಫಿ, ಚಕ್ಕುಲಿ ತಂದಿಟ್ಟಳು. ಅಂದು ಅವರಿಗೆ ಹೇಳಿದ ಕಥೆಯನ್ನು ಸ್ವಲ್ಪ ವಿಸ್ತರಿಸಿ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲಿಗೆ ನನ್ನದೊಂದು ತಪ್ಪೊಪ್ಪಿಗೆ. "ಭಾರತೀಯ ಚಲನಚಿತ್ರರಂಗದ ಪಿತಾಮಹ ಯಾರು?" ಎಂಬುದು ಒಂದು ಅಂಕದ ಪ್ರಶ್ನೆ. "ದಾದಾಸಾಹೇಬ್ ಫಾಲ್ಕೆ" ಎಂಬುದು ಉತ್ತರ. ಇದರಲ್ಲಿ ತಪ್ಪೇನೂ ಇಲ್ಲ. 1913ರ ಮೇ 3ರಂದು ಮುಂಬಯಿಯಲ್ಲಿ ಬಿಡುಗಡೆಯಾದ ಅವರ 'ರಾಜಾ ಹರಿಶ್ಚಂದ್ರ'ವೇ ನಮ್ಮ ದೇಶದ ಮೊದಲ ಪೂರ್ಣಪ್ರಮಾಣದ ಕಥಾಚಿತ್ರವೆಂದು ಮಾನ್ಯವಾಗಿದೆ. ಆದರೆ "ಅದಕ್ಕೂ ಮೊದಲು ಈ ದೇಶದಲ್ಲಿ ಯಾರೂ ಚಿತ್ರ ತೆಗೆಯಲಿಲ್ಲವೇ ಸಾರ್?" ಎಂದು ಯಾರಾದರೂ ಕೇಳಿದಾಗ "ಇಲ್ಲಪ್ಪಾ, ಕುಳಿತುಕೋ" ಎಂದು ಬಹಳ ವರ್ಷ ಹೇಳಿದ್ದೇನೆ. ಅದು ತಪ್ಪು. ಫಾಲ್ಕೆಯವರಿಗೆ ಹದಿನೈದು ವರ್ಷ ಮೊದಲೇ ಕಲ್ಕತ್ತೆಯಲ್ಲಿ ಇಬ್ಬರು ಸಹೋದರರು ಪಾಲುದಾರರಾಗಿ ಚಿತ್ರ ತೆಗೆಯುತ್ತಿದ್ದರು. ಕಿರುಚಿತ್ರವನ್ನೂ ತೆಗೆದರು, ಜಾಹೀರಾತನ್ನೂ ತೆಗೆದರು. ಅವರು ಹೀರಾಲಾಲ್ ಸೇನ್ ಮತ್ತು ಮೋತಿಲಾಲ್ ಸೇನ್.

ಚಲನಚಿತ್ರದ ಇತಿಹಾಸ ಆರಂಭವಾಗುವುದೇ ಅಣ್ಣತಮ್ಮಂದಿರಿಂದ ಎಂಬುದನ್ನು ನೀವು ಗಮನಿಸಬೇಕು. ಫ್ರಾನ್ಸಿನ ಲಿಯಾನ್ ನಗರದ ಆಗಸ್ಟ್ ಮತ್ತು ಲೂಯಿ ಲೂಮಿಯೇರ್ ಸಹೋದರರು 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಹಣ ಪಡೆದು ಸಾರ್ವಜನಿಕರಿಗೆ ಚಲಿಸುವ ಚಿತ್ರಗಳನ್ನು ತೋರಿಸಿದರು. ಸುಮಾರು ಆರು ತಿಂಗಳಲ್ಲಿ, 1896ರ ಜುಲೈ 7ರಂದು, ಆ ಯಂತ್ರ ಮುಂಬಯಿಯ ವಾಟ್ಸನ್ ಹೋಟೆಲಿಗೆ ಬಂದಿತು. ಒಂದೊಂದು ಚಿತ್ರವೂ ಒಂದು ನಿಮಿಷಕ್ಕಿಂತ ಕಡಿಮೆಯದು. ರೈಲು ನಿಲ್ದಾಣಕ್ಕೆ ಬರುವುದು, ಕಾರ್ಖಾನೆಯಿಂದ ಕೆಲಸಗಾರರು ಹೊರಬೀಳುವುದು, ಅಷ್ಟೇ. ಕಥೆಯೇನೂ ಇರಲಿಲ್ಲ. ಗೋಡೆಯ ಮೇಲಿನ ಚಿತ್ರ ಚಲಿಸುತ್ತದೆ ಎಂಬುದೇ ಕಥೆಯಾಗಿತ್ತು.

ಹೀರಾಲಾಲ್ ಸೇನ್ ಹುಟ್ಟಿದ್ದು 1866ರಲ್ಲಿ, ಢಾಕಾ ಬಳಿಯ ಮಾಣಿಕ್‌ಗಂಜ್ ಸೀಮೆಯ ಬಗ್‌ಜುರಿ ಎಂಬ ಹಳ್ಳಿಯಲ್ಲಿ. ಅದು ಇಂದು ಬಾಂಗ್ಲಾದೇಶದಲ್ಲಿದೆ. ಅನುಕೂಲಸ್ಥ ಮನೆತನ, ತಂದೆ ವಕೀಲರು. ಮಗನಿಗೆ ಹಿಡಿದಿದ್ದು ಛಾಯಾಚಿತ್ರದ ಹುಚ್ಚು. ಸ್ಪರ್ಧೆಗಳಲ್ಲಿ ಪದಕಗಳನ್ನು ಗೆದ್ದ ಒಳ್ಳೆಯ ಛಾಯಾಗ್ರಾಹಕನೆಂದು ಚಲನಚಿತ್ರಕ್ಕೆ ಬರುವ ಮೊದಲೇ ಹೆಸರಾಗಿದ್ದರು.

1898ರ ಹೊತ್ತಿಗೆ ಸ್ಟೀವನ್‌ಸನ್ ಎಂಬ ವಿದೇಶಿ ಪ್ರದರ್ಶಕ ಕಲ್ಕತ್ತೆಯ ಸ್ಟಾರ್ ಥಿಯೇಟರಿನಲ್ಲಿ ನಾಟಕದ ಜೊತೆಗೆ ಚಲಿಸುವ ಚಿತ್ರಗಳನ್ನು ತೋರಿಸಿದ. ಹೀರಾಲಾಲರು ನೋಡಿದರು, ಬಿಡಲಾರದೆ ಹೋದರು. ಸ್ಟೀವನ್‌ಸನ್ನನ ಕ್ಯಾಮರಾವನ್ನೇ ಎರವಲು ಪಡೆದು, 'ದಿ ಫ್ಲವರ್ ಆಫ್ ಪರ್ಷಿಯಾ' ಎಂಬ ಸಂಗೀತನಾಟಕದ ಒಂದು ನೃತ್ಯದೃಶ್ಯವನ್ನು ಚಿತ್ರೀಕರಿಸಿದರು. ಅವರ ಮೊದಲ ಚಿತ್ರವೆಂದು ದಾಖಲಾಗಿರುವುದು ಇದೇ. ಅದೇ ವರ್ಷ ತಮ್ಮ ಮೋತಿಲಾಲರೊಡನೆ 'ರಾಯಲ್ ಬಯಾಸ್ಕೋಪ್ ಕಂಪನಿ'ಯನ್ನು ಸ್ಥಾಪಿಸಿ, ಲಂಡನ್ನಿನ ವಾರ್ವಿಕ್ ಟ್ರೇಡಿಂಗ್ ಕಂಪನಿಯಿಂದ ಯಂತ್ರವನ್ನು ತರಿಸಿಕೊಂಡರು.

ಆ ಕಾಲದಲ್ಲಿ ಚಿತ್ರ ತೋರಿಸುವುದೆಂದರೆ ಗುಂಡಿ ಒತ್ತುವ ಕೆಲಸವಾಗಿರಲಿಲ್ಲ. ಕಲ್ಕತ್ತೆಗೆ ವಿದ್ಯುತ್ ಸರಬರಾಜು ಆರಂಭವಾದದ್ದೇ 1899ರಲ್ಲಿ. (ನಮ್ಮ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿದ್ದು 1905ರ ಆಗಸ್ಟಿನಲ್ಲಿ ಎಂಬುದು ನಿಮಗೆ ನೆನಪಿರಬಹುದು; ನಾನು ಪ್ರತಿವರ್ಷ ಕೇಳುತ್ತಿದ್ದ ಪ್ರಶ್ನೆ ಅದು.) ವಿದ್ಯುತ್ತಿಲ್ಲದ ಕಡೆ ಸುಣ್ಣದ ತುಂಡೊಂದನ್ನು ಆಮ್ಲಜನಕ ಮತ್ತು ಜಲಜನಕದ ಜ್ವಾಲೆಯಲ್ಲಿ ಕಾಯಿಸಬೇಕಿತ್ತು. ಅದು ಬೆಳ್ಳಗೆ ಪ್ರಜ್ವಲಿಸುತ್ತಿತ್ತು, ಆ ಬೆಳಕನ್ನು ಚಿತ್ರದ ಸುರುಳಿಯ ಮೂಲಕ ಪರದೆಗೆ ಹಾಯಿಸುತ್ತಿದ್ದರು. ಅನಿಲವನ್ನು ರಬ್ಬರಿನ ಚೀಲದಲ್ಲಿ ತುಂಬಿ ಒಯ್ಯಬೇಕು. ಒಮ್ಮೆ ಸೇನರ ಚೀಲ ಕೆಟ್ಟು ಪ್ರದರ್ಶನವೇ ನಿಲ್ಲುವಂತಾದಾಗ, ಸೇಂಟ್ ಝೇವಿಯರ್ಸ್ ಕಾಲೇಜಿನ ವಿಜ್ಞಾನದ ಅಧ್ಯಾಪಕರಾಗಿದ್ದ ಬೆಲ್ಜಿಯಂ ದೇಶದ ಪಾದ್ರಿ ಲಾಫೋಂ ಅವರು ಸಹಾಯಕ್ಕೆ ಬಂದರೆಂದು ಹೇಳುತ್ತಾರೆ. ಮಹೇಂದ್ರಲಾಲ್ ಸರ್ಕಾರರು 1876ರಲ್ಲಿ ಕಲ್ಕತ್ತೆಯಲ್ಲಿ ವಿಜ್ಞಾನ ಸಂಸ್ಥೆಯನ್ನು ಕಟ್ಟಿದಾಗ ಅವರಿಗೆ ಹೆಗಲು ಕೊಟ್ಟವರೂ ಇದೇ ಲಾಫೋಂ. ಸಿ. ವಿ. ರಾಮನ್ನರು ಮುಂದೆ ತಮ್ಮ ಸಂಶೋಧನೆ ನಡೆಸಿದ್ದು ಆ ಸಂಸ್ಥೆಯಲ್ಲಿಯೇ. ಒಬ್ಬ ಮೇಷ್ಟ್ರ ನೆರವು ಎಲ್ಲೆಲ್ಲಿಗೆ ಹರಿಯುತ್ತದೆ ನೋಡಿ.

ಈ ಸಹೋದರರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು? ಜಮೀನ್ದಾರರ ಮನೆಗಳ ಸಮಾರಂಭಗಳಿಗೆ, ಜಾತ್ರೆಗಳಿಗೆ, ನಾಟಕಶಾಲೆಗಳಿಗೆ ಯಂತ್ರ ಹೊತ್ತು ಹೋಗಿ ಚಿತ್ರ ತೋರಿಸುತ್ತಿದ್ದರು. ಮೊದಮೊದಲು ತೋರಿಸಿದ್ದು ವಿದೇಶದಿಂದ ತರಿಸಿದ ಸುರುಳಿಗಳನ್ನು. ತರುವಾಯ ತಾವೇ ತೆಗೆಯಲಾರಂಭಿಸಿದರು. ಅಮರೇಂದ್ರನಾಥ ದತ್ತರ ಕ್ಲಾಸಿಕ್ ಥಿಯೇಟರ್ ಆಗ ಕಲ್ಕತ್ತೆಯಲ್ಲಿ ಬಹಳ ಜನಪ್ರಿಯ. ಅಲ್ಲಿ ಆಡುತ್ತಿದ್ದ 'ಭ್ರಮರ್', 'ಸೀತಾರಾಮ್', 'ಆಲಿಬಾಬಾ' ಮುಂತಾದ ನಾಟಕಗಳ ದೃಶ್ಯಗಳನ್ನು ಹೀರಾಲಾಲರು ಚಿತ್ರೀಕರಿಸಿದರು. ನಾಟಕದ ನಡುವೆಯೋ ಕೊನೆಯಲ್ಲಿಯೋ ಇವುಗಳ ಪ್ರದರ್ಶನ ನಡೆಯುತ್ತಿತ್ತು. ಈಗ ತಾನೇ ರಂಗದ ಮೇಲೆ ಕಂಡ ನಟಿಯನ್ನೇ ಪರದೆಯ ಮೇಲೆ ಕಂಡ ಪ್ರೇಕ್ಷಕರ ಬೆರಗನ್ನು ಊಹಿಸಿಕೊಳ್ಳಿ! 'ಭ್ರಮರ್' ಮತ್ತು 'ಸೀತಾರಾಮ್' ಎರಡಕ್ಕೂ ಮೂಲ ಬಂಕಿಮಚಂದ್ರರ ಕಾದಂಬರಿಗಳು. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕನ್ನಡಕ್ಕೆ ತಂದ ಬಂಕಿಮರ ಕಾದಂಬರಿಗಳನ್ನು ನಮ್ಮ ಅಜ್ಜಂದಿರು ಊಟ ಬಿಟ್ಟು ಓದುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬಹುದು.

ಇನ್ನು ಜಾಹೀರಾತಿನ ಮಾತು. 1903ರ ಹೊತ್ತಿಗೆ ಈ ಕಂಪನಿ ಸಿ. ಕೆ. ಸೇನ್ ಅವರ 'ಜಬಾಕುಸುಮ್' ಎಂಬ ತಲೆಗೂದಲ ಎಣ್ಣೆಗೆ ಮತ್ತು 'ಎಡ್ವರ್ಡ್ಸ್ ಟಾನಿಕ್' ಎಂಬ ಔಷಧಕ್ಕೆ ಚಿತ್ರಗಳನ್ನು ತೆಗೆದುಕೊಟ್ಟಿತು. ಭಾರತದ ಮೊದಲ ಜಾಹೀರಾತು ಚಿತ್ರಗಳೆಂದು ಸಾಮಾನ್ಯವಾಗಿ ಎಣಿಸುವುದು ಇವುಗಳನ್ನೇ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬನಿಗೆ ಒಡವೆ ಅಂಗಡಿಯ ಜಾಹೀರಾತು ಮಾಡುವುದೆಂದರೆ ಸ್ವಲ್ಪ ನಾಚಿಕೆ. ಅದಕ್ಕಾಗಿ ಇದನ್ನು ಒತ್ತಿ ಹೇಳಿದೆ. ಎಣ್ಣೆಯ ಸೀಸೆಯನ್ನು ಚಿತ್ರೀಕರಿಸಿದ ಕಂಪನಿಯೇ ಎರಡು ವರ್ಷಗಳ ನಂತರ ಏನನ್ನು ಚಿತ್ರೀಕರಿಸಿತು ಎಂಬುದನ್ನು ನೋಡಬೇಕು.

1905ರಲ್ಲಿ ಲಾರ್ಡ್ ಕರ್ಜನ್ ಬಂಗಾಳವನ್ನು ವಿಭಜಿಸಲು ಹೊರಟ. ಆಗಸ್ಟ್ 7ರಂದು ಕಲ್ಕತ್ತೆಯ ಟೌನ್ ಹಾಲಿನ ಸಭೆಯಲ್ಲಿ ವಿದೇಶಿ ವಸ್ತುಗಳ ಬಹಿಷ್ಕಾರದ ನಿರ್ಣಯವಾಯಿತು. ಅಕ್ಟೋಬರ್ 16ರಂದು ವಿಭಜನೆ ಜಾರಿಗೆ ಬಂದಿತು. ಇವೆರಡೂ ನಿಮ್ಮ ಪಠ್ಯದಲ್ಲಿದ್ದವು. ಇವೆರಡರ ನಡುವೆ, ಸೆಪ್ಟೆಂಬರ್ 22ರಂದು, ಅದೇ ಟೌನ್ ಹಾಲಿನಲ್ಲಿ ಭಾರಿ ಪ್ರತಿಭಟನಾ ಸಭೆಯೊಂದು ಸೇರಿತು. ಹೀರಾಲಾಲರು ಅಲ್ಲಿಗೆ ಕ್ಯಾಮರಾ ಒಯ್ದರು. ಜನಸಾಗರವೆಲ್ಲ ಕಾಣಬೇಕೆಂದು ಸಮೀಪದ ಖಜಾನೆ ಕಟ್ಟಡದ ಮೇಲೇರಿ ಚಿತ್ರೀಕರಿಸಿದರೆಂದು ಬಲ್ಲವರು ಬರೆದಿದ್ದಾರೆ. ಈ ಚಿತ್ರವನ್ನು ಭಾರತದ ಮೊದಲ ರಾಜಕೀಯ ಚಿತ್ರವೆನ್ನುವುದುಂಟು. ಸ್ವದೇಶಿ ಚಳವಳಿಯ ಬಗ್ಗೆ ನಾನು ಎಷ್ಟು ವರ್ಷ ಪಾಠ ಮಾಡಿದೆ! ಆ ದಿನದ ಜನರ ಮುಖ, ಅವರ ನಡಿಗೆ, ಅವರು ಎತ್ತಿದ ಕೈ ಇವೆಲ್ಲ ಒಂದು ಸುರುಳಿಯಲ್ಲಿ ದಾಖಲಾಗಿತ್ತೆಂಬ ಸಂಗತಿಯನ್ನು ಒಂದು ತರಗತಿಗೂ ಹೇಳಲಿಲ್ಲ, ನನಗೇ ತಿಳಿದಿರಲಿಲ್ಲ.

ಏಳಿಗೆಯ ಕಥೆ ಇಲ್ಲಿಗೆ ಮುಗಿಯಿತು. ಇನ್ನು ಇಳಿಜಾರು.

ಜೆ. ಎಫ್. ಮದನ್ ಎಂಬ ಪಾರ್ಸಿ ವ್ಯಾಪಾರಿ 1902ರಿಂದಲೇ ಕಲ್ಕತ್ತೆಯ ಮೈದಾನದಲ್ಲಿ ಡೇರೆ ಹಾಕಿ ಚಿತ್ರ ತೋರಿಸುತ್ತಿದ್ದರು. 1907ರಲ್ಲಿ ಅವರು ಎಲ್ಫಿನ್‌ಸ್ಟನ್ ಪಿಕ್ಚರ್ ಪ್ಯಾಲೇಸ್ ಎಂಬ ಖಾಯಂ ಚಿತ್ರಮಂದಿರವನ್ನು ತೆರೆದರು. ವ್ಯಾಪಾರದ ರೀತಿಯೇ ಬದಲಾಯಿತು. ಮೊದಲು ಸುರುಳಿಗಳನ್ನು ಅಡಿಗಿಷ್ಟೆಂದು ಕೊಂಡು, ಸವೆಯುವ ತನಕ ಊರೂರು ತಿರುಗಿ ತೋರಿಸಬೇಕಿತ್ತು. ಈಗ ಊರೂರು ತಿರುಗುವವನಿಗಿಂತ ಕಟ್ಟಡವುಳ್ಳವನು, ವಿದೇಶಿ ಕಂಪನಿಗಳೊಡನೆ ಒಪ್ಪಂದವುಳ್ಳವನು ಬಲಶಾಲಿಯಾದ. ಮದನರ ಬಳಿ ಬಂಡವಾಳವಿತ್ತು, ಲೆಕ್ಕವಿತ್ತು. ಹೀರಾಲಾಲರ ಬಳಿ ಕೈಚಳಕವಿತ್ತು. ಬರಬರುತ್ತಾ ಕಂಪನಿ ಬಡವಾಯಿತು. 1911ರ ಡಿಸೆಂಬರಿನ ದೆಹಲಿ ದರ್ಬಾರಿನ ಸಂದರ್ಭದ ಚಿತ್ರೀಕರಣವೇ ಅವರ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು. ಅಣ್ಣತಮ್ಮಂದಿರ ನಡುವೆಯೂ ಮನಸ್ತಾಪ ಬೆಳೆಯಿತು. 1913ರಲ್ಲಿ ರಾಯಲ್ ಬಯಾಸ್ಕೋಪ್ ಕಂಪನಿ ಮುಚ್ಚಿತು. ಫಾಲ್ಕೆಯವರ 'ರಾಜಾ ಹರಿಶ್ಚಂದ್ರ' ಬಿಡುಗಡೆಯಾದದ್ದೂ ಅದೇ ವರ್ಷ! ಒಂದು ಬಾಗಿಲು ಮುಚ್ಚಿದ ವರ್ಷವೇ ಇನ್ನೊಂದು ತೆರೆಯಿತು. ಇತಿಹಾಸದಲ್ಲಿ ಜನ ನೆನಪಿಟ್ಟುಕೊಳ್ಳುವುದು ತೆರೆದ ಬಾಗಿಲನ್ನು.

ಹೀರಾಲಾಲರ ಕೊನೆಯ ವರ್ಷಗಳು ಕಷ್ಟದವು. ಕ್ಯಾನ್ಸರ್ ಹಿಡಿದಿತ್ತು. ಹಣವಿಲ್ಲದೆ ಕ್ಯಾಮರಾಗಳನ್ನೇ ಮಾರಬೇಕಾಯಿತೆನ್ನುತ್ತಾರೆ. ಅವರು ತೆಗೆದ ಚಿತ್ರಗಳ ಸಂಖ್ಯೆ ಸುಮಾರು ನಲವತ್ತು ಎಂದು ಲೆಕ್ಕ. ಆ ಸುರುಳಿಗಳು ತಮ್ಮ ಮೋತಿಲಾಲರ ವಶದಲ್ಲಿ, ಅವರ ಉಗ್ರಾಣದಲ್ಲಿ ಉಳಿದಿದ್ದವು. 1917ರ ಅಕ್ಟೋಬರಿನಲ್ಲಿ ಆ ಉಗ್ರಾಣಕ್ಕೆ ಬೆಂಕಿ ಬಿದ್ದಿತು. ಒಂದು ಸುರುಳಿಯೂ ಉಳಿಯಲಿಲ್ಲ. ಅದೇ ತಿಂಗಳು, ಬೆಂಕಿ ಬಿದ್ದ ಕೆಲವೇ ದಿನಗಳಲ್ಲಿ, ಹೀರಾಲಾಲರು ತೀರಿಕೊಂಡರು. ಆಗ ಅವರಿಗೆ ಐವತ್ತೊಂದು ವರ್ಷ.

ಸುರುಳಿಗಳು ಹಾಗೆ ಹೊತ್ತಿ ಉರಿಯಲು ಕಾರಣವೇನೆಂಬುದನ್ನು ವಿಜ್ಞಾನದ ಮೇಷ್ಟ್ರು ಹೇಳಬೇಕು. ನನಗೆ ತಿಳಿದಷ್ಟು ಹೇಳುತ್ತೇನೆ. ಆ ಕಾಲದ ಫಿಲ್ಮನ್ನು ತಯಾರಿಸುತ್ತಿದ್ದದ್ದು ಸೆಲ್ಯುಲೋಸ್ ನೈಟ್ರೇಟಿನಿಂದ. ಬಂದೂಕಿನ ಮದ್ದಾಗಿ ಬಳಸುವ ಹತ್ತಿಗೆ ಅದು ಹತ್ತಿರದ ನೆಂಟ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುವುದರಿಂದ ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಹೊತ್ತದೆ ಉಳಿದರೂ ವಯಸ್ಸಾದಂತೆ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. 2003ರ ಜನವರಿಯಲ್ಲಿ ಪುಣೆಯಲ್ಲಿ ಇಂತಹ ನೈಟ್ರೇಟ್ ಚಿತ್ರಗಳನ್ನು ಇರಿಸಿದ್ದ ಉಗ್ರಾಣವೂ ಬೆಂಕಿಗೆ ಆಹುತಿಯಾಯಿತು. ನಮ್ಮ ದೇಶದಲ್ಲಿ ಮೂಕಿಯುಗದಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರಗಳು ತಯಾರಾದವು, ಉಳಿದಿರುವುದು ಬೆರಳೆಣಿಕೆಯಷ್ಟು. 'ರಾಜಾ ಹರಿಶ್ಚಂದ್ರ'ದ್ದೂ ಪೂರ್ತಿ ಉಳಿದಿಲ್ಲ.

"ಅದು ಬಂಗಾಳದ ಕಥೆ ಬಿಡಿ ಸಾರ್" ಎನ್ನುವ ಹಾಗಿಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ನಿರ್ದೇಶಕರು ವೈ. ವಿ. ರಾವ್, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬ ನಟಿಸಿದ್ದರು. ಇಂದು ಅದರ ಒಂದು ಪ್ರತಿಯೂ ಲಭ್ಯವಿಲ್ಲ. ಬೆಳ್ಳಿತೆರೆಯ ಮೇಲೆ ಮೊದಲ ಬಾರಿಗೆ ಕನ್ನಡ ಹೇಗೆ ಕೇಳಿಸಿತು ಎಂಬುದನ್ನು ನಾವು ನೀವು ಇನ್ನು ಕೇಳುವಂತಿಲ್ಲ.

ಈಗ ಒಂದು ಸೂಕ್ಷ್ಮ ವಿಚಾರ. ಹೀರಾಲಾಲರು ತೆಗೆದ 'ಆಲಿಬಾಬಾ' ಬಿಡಿ ದೃಶ್ಯಗಳ ಗೊಂಚಲಲ್ಲ, ದೀರ್ಘ ಕಥಾಚಿತ್ರವೇ ಆಗಿತ್ತು, ಆದ್ದರಿಂದ ಮೊದಲ ಸ್ಥಾನ ಅವರಿಗೇ ಸಲ್ಲಬೇಕು ಎಂದು ವಾದಿಸುವವರಿದ್ದಾರೆ. ಇರಬಹುದು. ಆದರೆ ಇತಿಹಾಸದ ವಿದ್ಯಾರ್ಥಿಗೆ 'ಇರಬಹುದು' ಸಾಲದು. ಉಳಿದಿರುವುದು ಪತ್ರಿಕೆಗಳ ಜಾಹೀರಾತು, ಕರಪತ್ರ, ಕಂಡವರ ನೆನಪು. ಇವುಗಳಿಂದ ಚಿತ್ರವಿತ್ತು ಎಂದು ಹೇಳಬಹುದು. ಅದು ಹೇಗಿತ್ತು ಎಂದು ಹೇಳಲಾಗದು. ಫಾಲ್ಕೆಯವರ ಹಿರಿಮೆಯನ್ನು ತಗ್ಗಿಸಿ ಸೇನರನ್ನು ಮೇಲೇರಿಸುವುದು ನನ್ನ ಉದ್ದೇಶವೂ ಅಲ್ಲ. ಮುಂಬಯಿಯ ಹರಿಶ್ಚಂದ್ರ ಸಖಾರಾಮ ಭಾಟವಡೇಕರರೂ 1899ರಲ್ಲಿಯೇ ಕುಸ್ತಿಯ ಪಂದ್ಯವೊಂದನ್ನು ಚಿತ್ರೀಕರಿಸಿದ್ದರು. ಮೊದಲಿಗರು ಒಬ್ಬರೇ ಇರಬೇಕೆಂಬ ನಿಯಮ ಇರುವುದು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ.

ನನ್ನನ್ನು ಕಾಡುವುದು ಮೋತಿಲಾಲರ ಸ್ಥಿತಿ. ಅಣ್ಣ ಕಲಾವಿದ, ಕ್ಯಾಮರಾ ಹಿಡಿದವನು. ಆದ್ದರಿಂದ ಅವನ ಹೆಸರು ಉಳಿಯಿತು. ಕಂಪನಿಯಲ್ಲಿ ಜೊತೆಗಿದ್ದ ತಮ್ಮನ ಹೆಸರು ಬರುವುದು ಎರಡೇ ಕಡೆ: ಕಂಪನಿ ಹುಟ್ಟಿದಾಗ ಮತ್ತು ಉಗ್ರಾಣ ಸುಟ್ಟಾಗ. ಯಂತ್ರ ಹೊತ್ತು ಹೋಗುವುದು, ಬಾಕಿ ವಸೂಲಿ ಮಾಡುವುದು, ಸುರುಳಿಗಳನ್ನು ಜೋಡಿಸಿಡುವುದು, ಯಾವ ಪಾಲುದಾರಿಕೆಯಲ್ಲಿಯೂ ಇಂತಹ ಕೆಲಸಕ್ಕೆ ಹೆಸರಿರುವುದಿಲ್ಲ. ಜಗಳವಾಗಿದ್ದರೂ ಆತ ಅಣ್ಣನ ಚಿತ್ರಗಳನ್ನು ಎಸೆಯಲಿಲ್ಲ, ಇಟ್ಟುಕೊಂಡಿದ್ದ. ಎಲ್ಲವೂ ಒಂದೇ ಕಡೆ ಇತ್ತೆಂಬುದೇ ಕೇಡಾಯಿತು.

ನಾನು ಇನ್ನೊಬ್ಬರಿಗೆ ಬುದ್ಧಿ ಹೇಳುವ ಅರ್ಹತೆಯುಳ್ಳವನೂ ಅಲ್ಲ. ಶಾಲೆಯ ಒಂದು ವಾರ್ಷಿಕೋತ್ಸವವನ್ನು ವಿ.ಎಚ್.ಎಸ್. ಕ್ಯಾಸೆಟ್ಟಿನಲ್ಲಿ ಚಿತ್ರೀಕರಿಸಿದ್ದು ಹಳಬರಿಗೆ ನೆನಪಿರಬಹುದು. ನಮ್ಮ ದಿವಂಗತ ಮುಖ್ಯೋಪಾಧ್ಯಾಯರ ಭಾಷಣ ಅದರಲ್ಲಿತ್ತು. ನಿಮ್ಮಲ್ಲಿ ಹಲವರು ಬಣ್ಣ ಹಚ್ಚಿಕೊಂಡು ಕುಣಿದದ್ದೂ ಇತ್ತು. ಕ್ಯಾಸೆಟ್ಟು ನನ್ನ ಬಳಿ ಭದ್ರವಾಗಿರಲೆಂದು ಮನೆಗೆ ತಂದು ಕಬ್ಬಿಣದ ಬೀರುವಿನಲ್ಲಿಟ್ಟೆ. ಬೀರು ಇದ್ದದ್ದು ಮಳೆಗಾಲದಲ್ಲಿ ತೇವ ಹಿಡಿಯುವ ಗೋಡೆಯ ಪಕ್ಕ. ವರ್ಷಗಳ ಮೇಲೆ ತೆಗೆದಾಗ ಟೇಪಿನ ಮೇಲೆಲ್ಲ ಬೂಷ್ಟು ಹಬ್ಬಿತ್ತು. ನಕಲು ಮಾಡಿಸಿದ್ದರೆ ಆಗ ಎಷ್ಟು ಖರ್ಚಾಗುತ್ತಿತ್ತು? ಒಂದು ಖಾಲಿ ಕ್ಯಾಸೆಟ್ಟಿನ ಬೆಲೆ. ಮುಖ್ಯೋಪಾಧ್ಯಾಯರ ಮನೆಯವರು ಆಮೇಲೊಮ್ಮೆ ಅದನ್ನು ಕೇಳಿಕೊಂಡು ಬಂದಿದ್ದರು. ಬರಿಗೈಯಲ್ಲಿ ಕಳಿಸಿದೆ. ಆ ದಿನವನ್ನು ನಾನು ಮರೆತಿಲ್ಲ.

ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ಕಾಫಿ ತಣ್ಣಗಾಗಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತನಾಡಲಿಲ್ಲ. ನಂತರ, ಅಷ್ಟು ಹೊತ್ತೂ ಕಿಟಕಿಯ ಕಡೆ ನೋಡುತ್ತಿದ್ದವನು, "ಸಾರ್, ಅದ್ರಲ್ಲಿ ಇವ್ರಮ್ಮನ ಷಷ್ಟಿಪೂರ್ತಿ ಇದೆ" ಎಂದ. ಆ ತಾಯಿ ಈಗಿಲ್ಲ. ಇನ್ನೊಬ್ಬ ತಲೆ ತಗ್ಗಿಸಿದ.

ಅವರು ಮತ್ತೆ ಒಂದಾದರೆಂದು ಬರೆಯಲು ನನಗೂ ಆಸೆಯಿದೆ, ಆದರೆ ಹಾಗಾಗಲಿಲ್ಲ. ಸಂಕ್ರಾಂತಿಯ ನಂತರ ಬೇರೆಬೇರೆ ಅಂಗಡಿ ತೆರೆದಿದ್ದಾರೆ. ಆದರೆ ಡಿಸ್ಕಿನ ಜಗಳ ಮುಗಿಯಿತು. ಮೂರು ಪ್ರತಿ ಮಾಡಿದ್ದಾರೆ. ಒಬ್ಬೊಬ್ಬರಲ್ಲಿ ಒಂದೊಂದು, ಮೂರನೆಯದನ್ನು ನನ್ನ ಮನೆಯಲ್ಲಿಡಲು ತಂದುಕೊಟ್ಟರು. ಅದರ ಮೇಲೆ ಇಬ್ಬರ ಹೆಸರನ್ನೂ ಬರೆಸಿ, ಬೀರುವನ್ನು ತೇವದ ಗೋಡೆಯಿಂದ ಈಚೆಗೆ ಸರಿಸಿಯೇ ಒಳಗಿಟ್ಟಿದ್ದೇನೆ. "ವರ್ಷಕ್ಕೊಮ್ಮೆ ಹಾಕಿ ನೋಡಿ ಸಾರ್, ಡಿಸ್ಕೂ ಕೆಡುತ್ತೆ" ಎಂದು ಹೇಳಿಹೋಗಿದ್ದಾರೆ. ಯುಗಾದಿಯ ದಿನ ನೋಡುವುದೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.

ನಿಮ್ಮಲ್ಲಿ ಯಾರ ಬಳಿಯಾದರೂ ಆ ವಾರ್ಷಿಕೋತ್ಸವದ ಇನ್ನೊಂದು ಕ್ಯಾಸೆಟ್ಟು, ಒಂದು ಛಾಯಾಚಿತ್ರವಾದರೂ ಇದ್ದರೆ, ಮೊದಲು ಅದರ ಪ್ರತಿಯೊಂದನ್ನು ಮಾಡಿಸಿ, ಆಮೇಲೆ ನನಗೆ ತಿಳಿಸಿ. ಅವರ ಮನೆಗೆ ತಲುಪಿಸಬೇಕಾದ ಋಣವೊಂದು ನನ್ನ ಮೇಲಿದೆ.